ಅಕ್ಕನ ಪುಟವನ್ನು ಕೆಳಕ್ಕೆ ತಳ್ಳುವ ಕೆಲಸ

ಮೀಟಿಂಗ್ ಕೋಣೆಯ ಗೋಡೆ ತುಂಬ ಹರಡಿದ್ದ ಪರದೆಯ ಮೇಲೆ ಯಜಮಾನರು ತಮ್ಮ ಕಂಪನಿಯ ಹೆಸರನ್ನು ತಾವೇ ಟೈಪು ಮಾಡಿ ಹುಡುಕಿದರು. ಮೊದಲಿಗೆ ಬಂದದ್ದು ಕಂಪನಿಯ ವೆಬ್‌ಸೈಟು. ಅದರಲ್ಲಿ ನಗುವ ಕೆಲಸಗಾರರು, ಎಲ್ಲರ ಮಣಿಕಟ್ಟಿನಲ್ಲೂ ನೀಲಿ ಕೈಪಟ್ಟಿ. ಅದರ ಕೆಳಗೆ ಬಂದದ್ದನ್ನು ಅವರು ಬಾಯಿಬಿಟ್ಟು ಓದಲಿಲ್ಲ, ಬೆರಳು ಮಾಡಿ ತೋರಿಸಿದರು. 'ನನ್ನ ಗಂಡ ಉಸಿರು ತಗೊಳ್ಳೋಕೆ ಕೂತ. ಕೈಪಟ್ಟಿ ಕೂರೋಕೆ ಬಿಡಲಿಲ್ಲ. ಅಲ್ಲೇ ಸಾವು.'

"ಏನಮ್ಮಾ ಪುಟಮ್ಮಾ, ಇದು ಇಲ್ಲಿಗೆ ಹೇಗೆ ಹತ್ತಿ ಕೂತ್ಕೊಂಡ್ತು?"

ಪುಟಮ್ಮ ಎಂಬುದು ಆಫೀಸಿನವರು ಅವಳಿಗೆ ಅಂಟಿಸಿದ ಹೆಸರು. ಜನ ಏನೇ ಹುಡುಕಲಿ, ಕಂಪನಿಯನ್ನು ತಂದು ಮೊದಲ ಪುಟದಲ್ಲಿ ನಿಲ್ಲಿಸುವುದು ಅವಳ ಕಸುಬು. ಯಾರು ಯಾವ ಮಾತಿನಿಂದ ಹುಡುಕುತ್ತಾರೆ ಎಂದು ಮೂಸಿ ನೋಡಿ, ಆ ಮಾತನ್ನೇ ತಲೆಬರಹಕ್ಕೆ ಏರಿಸಿ, ನಾಲ್ಕು ಕಡೆಯಿಂದ ಆ ಪುಟಕ್ಕೆ ದಾರಿ ಮಾಡಿಸಿ, ಸರ್ಚ್ ಯಂತ್ರದ ಮರ್ಜಿ ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಆ ಪುಟ ಅಲ್ಲಿಗೆ ಹೇಗೆ ಹತ್ತಿತು ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ಅದನ್ನು ಕಟ್ಟಿ ನಿಲ್ಲಿಸಿದವಳು ಅವಳೇ. ಬರೆಸಿದವಳು ಅಕ್ಕ. ಸತ್ತವನು ಭಾವ.

ಕೈಪಟ್ಟಿಯ ಮಹಿಮೆ ಇಷ್ಟೇ. ಕಂಪನಿ ಅದನ್ನು ಮಾಡಿ ಮಾರುತ್ತದೆ, ತನ್ನ ಗೋದಾಮುಗಳಲ್ಲೂ ಸಾಮಾನು ಎತ್ತಿಡುವವರ ಕೈಗೆ ಕಟ್ಟುತ್ತದೆ. ಕೈ ನಿಂತರೆ ಅದು ಕೂಗುತ್ತದೆ. ಕೂಗಿದಷ್ಟೂ ಅಂಕ ಇಳಿಯುತ್ತದೆ. ಅಂಕ ಇಳಿದವನಿಗೆ ನಾಳೆ ಕೆಲಸವಿಲ್ಲ. ಹಿಂದೆ ದುಡಿಸುವವನು ಚಾವಟಿ ಹಿಡಿದು ಬಿಸಿಲಲ್ಲಿ ತಾನೂ ನಿಲ್ಲಬೇಕಿತ್ತು, ಈಗ ಅವನು ಎ.ಸಿ.ಯಲ್ಲಿ ಕೂತಿರುತ್ತಾನೆ, ಚಾವಟಿಯನ್ನು ದುಡಿಯುವವನೇ ಕೈಗೆ ಸುತ್ತಿಕೊಂಡು ಓಡಾಡುತ್ತಾನೆ. ಮೈಗೆ ಆಗದಿದ್ದರೆ ಒತ್ತಲಿ ಎಂದು ಅದರಲ್ಲೊಂದು ಗುಂಡಿಯನ್ನೂ ಇಟ್ಟಿದ್ದರು. ವೆಬ್‌ಸೈಟಿನಲ್ಲಿ ಅದನ್ನು 'ಕಾಳಜಿ ಗುಂಡಿ' ಎಂದು ಕರೆದವಳು ಪುಟಮ್ಮನೇ. ಆ ಮಾತನ್ನು ಬರೆದ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಭಾವ ಗುಂಡಿ ಒತ್ತಲೇ ಇಲ್ಲ, ಒತ್ತಿದ್ದರೆ ಬದುಕುತ್ತಿದ್ದ ಎಂದು ಕಂಪನಿಯು ಸಾವಿನ ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಗೆ ಬರೆದುಕೊಟ್ಟಿತ್ತು. ಒತ್ತಿದ್ದನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬಂದು ಹೇಳದಿದ್ದರೆ ತಿಂಗಳ ಕೊನೆಗೆ ವಿಚಾರಣೆ ಮುಗಿದಂತೆ. ಕಂಡವರು ಎಲ್ಲಿದ್ದಾರೆ? ದಿನಗೂಲಿಯವರನ್ನು ಮರುದಿನವೇ ದಿಕ್ಕಿಗೊಬ್ಬರಂತೆ ಬೇರೆ ಗೋದಾಮುಗಳಿಗೆ ಅಟ್ಟಿದ್ದರು. ಅವರ ಅಂಗಿಯ ಮೇಲೆ ಇದ್ದದ್ದು ನಂಬರು, ಹೆಸರಲ್ಲ. ಅದಕ್ಕೇ ಆ ಪುಟ. ಅದರ ಅಡಿಯಲ್ಲಿ ಅಕ್ಕನ ಫೋನ್ ನಂಬರು, ಮೇಲೆ ಒಂದು ಸಾಲು: 'ಆ ದಿನ ನನ್ನ ಗಂಡನ ಸಾಲಿನಲ್ಲಿ ಕೆಲಸಕ್ಕಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಮಾತಾಡಿ.'

"ಬಂದರಿನ ಕಂಪನಿಯವರು ನಮ್ಮ ಪಟ್ಟಿ ತಗೊಳ್ಳೋಕೆ ಬರ್ತಿದ್ದಾರೆ. ಅಷ್ಟರಲ್ಲಿ ಇದು ಎರಡನೇ ಪುಟಕ್ಕೆ ಹೋಗಿರಬೇಕು," ಎಂದರು ಯಜಮಾನರು. "ಎರಡನೇ ಪುಟದ ತನಕ ಕೆದಕಿ ನೋಡೋರು ಇಬ್ಬರೇ. ಸಾಲ ಕೊಟ್ಟೋನು, ಇಲ್ಲ ಹೆಣ್ಣು ಕೊಡೋನು."

ಎಲ್ಲರೂ ನಕ್ಕರು. ನಗದೆ ಉಳಿದವನು ಕೋಡ್ ಮಾವ. ಕೈಪಟ್ಟಿಯ ಪ್ರೋಗ್ರಾಮ್ ಬರೆದ, ತಲೆ ನರೆತ, ಆಫೀಸಿಗೆಲ್ಲ ಮಾವನಾದ ಮನುಷ್ಯ.

"ಸಾರ್, ಆತ ಗುಂಡಿ ಎರಡು ಸಲ ಒತ್ತಿದ್ದು ನಮ್ಮ ಕಂಪ್ಯೂಟರಲ್ಲೇ ಇದೆಯಲ್ಲ..."

"ಮಾವಾ, ಒತ್ತಿಲ್ಲ ಅಂತ ಬರ್ಕೊಟ್ಟಾಗಿದೆ. ಒತ್ತಿಲ್ಲ ಅಂದ್ರೆ ಒತ್ತಿಲ್ಲ."

ಎರಡು ಸಲ. ಭಾವ ಕೈ ಎತ್ತಿ ಎರಡು ಸಲ ಕೂಗಿದ್ದ, ಆ ಕೂಗು ಈ ಕಟ್ಟಡಕ್ಕೇ ಬಂದು ತಲುಪಿತ್ತು. ಪುಟಮ್ಮ ಆಗ ಕೆಳಗಿನ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದಳೋ ಏನೋ.

"ನಿನ್ನ ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳಮ್ಮ, ಹೊರಗಿನವರಿಗೆ ಕೊಡ್ತೀನಿ. ಅವರು ಕೆಳಗೆ ತಳ್ತಾ ಕೂರಲ್ಲ. ಸುಳ್ಳು ದೂರು ಹಾಕಿ ಬುಡಸಮೇತ ಕಿತ್ತುಹಾಕ್ತಾರೆ."

"ಆಗುತ್ತೆ ಸಾರ್," ಎಂದಳು.

ಹೊರಗಿನವರು ಕಿತ್ತುಹಾಕುವುದಕ್ಕಿಂತ ತಾನು ಮೆಲ್ಲಗೆ ತಳ್ಳುವುದು ಮೇಲು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ತುಳಿತ ಹಗುರವಾಗಿರಲಿ ಎಂದು ತಾವೇ ತುಳಿಯುವ ಕಾಲಾಗುವವರು ಎಲ್ಲ ಕಾಲದಲ್ಲೂ ಹೀಗೇ ಹೇಳಿಕೊಂಡಿದ್ದಾರೆ. ಆದರೆ ಮೆಲ್ಲಗೆ ತಳ್ಳುವುದಕ್ಕೆ ಯಜಮಾನರು ಬಿಡಬೇಕಲ್ಲ. ದಿನಾ ಅವಳ ಬೆನ್ನ ಹಿಂದೆ ನಿಂತು, "ಎಲ್ಲಿಗೆ ಬಂತು? ಎಲ್ಲಿಗೆ ಬಂತು?" ಎನ್ನುತ್ತಿದ್ದರು. ಅವಳು ಬರೆದಳು. 'ಕೆಲಸಗಾರರ ಆರೋಗ್ಯವೇ ನಮ್ಮ ಉಸಿರು.' 'ಗೋದಾಮಿನಲ್ಲೊಂದು ಕುಟುಂಬ.' 'ಕಾಳಜಿ ಗುಂಡಿ: ಒಂದು ಒತ್ತು, ಒಂದು ಭರವಸೆ.' ಕಲಿತ ಕೈಗೆ ಕಸುಬು ಗೊತ್ತಿರುತ್ತದೆ, ಕುತ್ತಿಗೆ ಯಾರದ್ದೆಂದು ಗೊತ್ತಿರುವುದಿಲ್ಲ. ಒಂದೊಂದು ಪುಟ ಏರಿದಂತೆ ಅಕ್ಕನ ಪುಟ ಒಂದೊಂದು ಮೆಟ್ಟಿಲು ಇಳಿಯಿತು. ಕೊನೆಗೊಂದು ದಿನ ಮೊದಲ ಪುಟದ ತಳ ತಲುಪಿ, ಮರುದಿನ ಕಣ್ಮರೆಯಾಯಿತು.

ಅಕ್ಕನಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ ಕೆಲಸ. ಹಬೆಗೆ ಬೆಂದು ಅವಳ ಅಂಗೈ ಸದಾ ಕೆಂಪು. ಪುಟಮ್ಮ ಹೋದಾಗ ಅವಳು ಅಡುಗೆಮನೆಯ ಕಟ್ಟೆಗೊರಗಿ ಫೋನನ್ನೇ ನೋಡುತ್ತಿದ್ದಳು. ಸ್ನಾನಕ್ಕೆ ಹೋಗುವಾಗಲೂ ಅದನ್ನು ಒಯ್ದು ಮಗುಚಿದ ಬಕೆಟ್ಟಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು.

"ಮೊದಮೊದಲು ಯಾರೋ ಒಬ್ಬರು ಮಾಡೋರು ಕಣೇ," ಅಂದಳು ಅಕ್ಕ. "ಅಯ್ಯೋ ಪಾಪ ಅನ್ನೋರು. ದುಡ್ಡಿಗೋಸ್ಕರ ನಾಟಕ ಆಡ್ತೀಯಾ ಅಂತ ಬೈಯೋರು. ಈಗ ಬೈಯೋರೂ ಇಲ್ಲ."

"ಬರುತ್ತೆ ಬಿಡಕ್ಕ."

"ಎಲ್ಲಿಂದ ಬರುತ್ತೆ? ಅರ್ಧ ತಿಂಗಳು ಆಗ್ಲೇ ಮುಗೀತು. ನೀನು ಜಾಣೆ, ಏನಾದ್ರೂ ಮಾಡೇ. ಆ ಕಂಪನಿಗೆ ಮಾಡ್ತೀಯಲ್ಲ, ಅದ್ರಲ್ಲಿ ಚೂರು ನಮಗೂ ಮಾಡು."

ಭಾವ ಗುಂಡಿ ಒತ್ತಿದ್ದನಕ್ಕ, ಎರಡು ಸಲ, ಎಂದು ಹೇಳಿಬಿಡಬೇಕು ಎನಿಸಿತು ಪುಟಮ್ಮನಿಗೆ. ಹೇಳಿದರೆ ಅಕ್ಕ ನೆಟ್ಟಗೆ ಅಧಿಕಾರಿಯ ಬಳಿ ಓಡುತ್ತಾಳೆ. ಯಾರು ಹೇಳಿದ್ದು ಎಂದು ಅವರು ಕೇಳುತ್ತಾರೆ. ಆಮೇಲೆ?

ಅವಳ ಮೋರೆ ನೋಡಿ ಅಕ್ಕ ತಪ್ಪು ತಿಳಿದಳು. ಬೆಂದ ಅಂಗೈಯಿಂದ ತಂಗಿಯ ಕೆನ್ನೆ ಸವರಿದಳು. "ಬೇಡ ಬಿಡು. ಅಲ್ಲಿ ಯಾರಿಗಾದ್ರೂ ನೀನು ನನ್ನ ತಂಗಿ ಅಂತ ಗೊತ್ತಾದ್ರೆ ನಿನ್ನ ಕೆಲಸಾನೂ ಹೋಗುತ್ತೆ. ಈ ಮನೇಲಿ ಒಬ್ಬರಾದ್ರೂ ನೆಟ್ಟಗಿರ್ಲಿ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಪುಟ ಮಾಯವಾದ ಮೇಲೂ ಯಜಮಾನರಿಗೆ ನಿದ್ದೆ ಹತ್ತಲಿಲ್ಲ. ಮತ್ತೆ ಎದ್ದು ಬಂದರೆ? ನಮ್ಮಲ್ಲಿ ಕಾಣದ್ದು ಬೇರೆಯವರಿಗೆ ಕಂಡರೆ? ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆಫೀಸಿನ ಪ್ರತಿಯೊಬ್ಬರೂ ಕಂಪನಿಯ ಹೆಸರಿನ ಪಕ್ಕ 'ಸಾವು' ಎಂದು ಬರೆದು ಹುಡುಕಿ, ಕಂಡದ್ದನ್ನು ವರದಿ ಮಾಡಬೇಕು ಎಂದು ಆಜ್ಞೆಯಾಯಿತು. ಬೇರೆ ಊರುಗಳ ಶಾಖೆಗಳಿಗೂ ಆಜ್ಞೆ ಹೋಯಿತು. ಗೋದಾಮುಗಳ ಮೇಲ್ವಿಚಾರಕರಿಗೆ, ಮಾರುವ ಏಜೆಂಟರಿಗೆ, ಯಜಮಾನರ ಬಾಮೈದನ ಮನೆಯವರಿಗೆಲ್ಲ ಹೋಯಿತು. ಸಾಲದ್ದಕ್ಕೆ, 'ಸಾವಿನ ಸುದ್ದಿ: ಸತ್ಯವೇನು?' ಎಂಬ ಪುಟವೊಂದನ್ನು ಕಂಪನಿಯ ವೆಬ್‌ಸೈಟಿನಲ್ಲೇ ಹಾಕು ಎಂದು ಪುಟಮ್ಮನಿಗೆ ಹೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಗಾದೆಯ ಕಳ್ಳ. ಈ ಮನುಷ್ಯ ಯಾರೂ ಕೂಗದಿದ್ದರೂ ಸಾವಿರಾರು ಜನರಿಂದ ದಿನಕ್ಕೆರಡು ಸಲ ತನ್ನ ಹೆಗಲು ಮುಟ್ಟಿಸಿಕೊಳ್ಳಲು ಹೊರಟಿದ್ದ.

ಈ ಕಸುಬಿನ ಮೊದಲಕ್ಷರ ಕಲಿತ ಯಾರಿಗಾದರೂ ಇದು ಗೊತ್ತು. ಸರ್ಚ್ ಯಂತ್ರದ ಹುಡುಕುವ ಪೆಟ್ಟಿಗೆ ಜನರ ಬಾಯನ್ನೇ ನೋಡುತ್ತಿರುತ್ತದೆ. ಬಹಳ ಜನ ಒಂದು ಹೆಸರಿನ ಪಕ್ಕ ಒಂದು ಮಾತನ್ನು ಬರೆದರೆ, ಆಮೇಲೆ ಯಾರು ಆ ಹೆಸರು ಬರೆದರೂ ಪಕ್ಕದ ಮಾತನ್ನು ಅದು ತಾನೇ ಮುಂದೆ ಹಿಡಿಯುತ್ತದೆ. ಬೇಡ ಸಾರ್, ಎಲ್ಲರನ್ನೂ ಸುಮ್ಮನಿರಿಸಿ ಎಂದು ಹೇಳುವುದೇ ಪುಟಮ್ಮನ ಕೆಲಸ. ಬೇರೆ ದಿನವಾಗಿದ್ದರೆ ಹೇಳಿರುತ್ತಿದ್ದಳು. ಈಗ ತುಟಿ ಪಿಟಕ್ಕೆನ್ನಲಿಲ್ಲ.

ಕೋಡ್ ಮಾವ ಕಾಫಿ ಲೋಟ ಹಿಡಿದು ಅವಳ ಮೇಜಿನ ಬಳಿ ಬಂದ.

"ಅಲ್ಲಮ್ಮ ಪುಟಮ್ಮ, ಊರೆಲ್ಲ ಸೇರಿ ಹಿಂಗೆ ಹುಡುಕಿದ್ರೆ ಪೆಟ್ಟಿಗೆ ಕಲ್ತುಬಿಡಲ್ವಾ? ಅವರಿಗೆ ಹೇಳಲ್ವಾ ನೀನು?"

"ನೀವೇ ಹೇಳಿ ಮಾವ."

"ನಾನು ಒಂದು ಸಲ ಬಾಯಿ ಬಿಟ್ಟು ಆಯ್ತಲ್ಲ, ನೋಡ್ದೆಯಲ್ಲ." ಅವಳ ಮುಖವನ್ನು ಸ್ವಲ್ಪ ಹೊತ್ತು ಓದಿದ. ಏನು ಸಿಕ್ಕಿತೋ, ಕೇಳಲಿಲ್ಲ. "ಆಜ್ಞೆ ಅಂದ್ಮೇಲೆ ಆಜ್ಞೆ ಬಿಡು. ಎರಡೇ ಸಲ ಯಾಕೆ, ನಾನು ನಾಲ್ಕು ಸಲ ಹುಡುಕ್ತೀನಿ. ಸ್ವಾಮಿನಿಷ್ಠೆ ಅಂದ್ರೆ ಕಮ್ಮಿನಾ!"

ನಗು ಬರಲಿಲ್ಲ ಅವಳಿಗೆ. ಇದು ಕತ್ತಲಲ್ಲಿ ಕಲ್ಲು ಎಸೆದಂತೆ. ಪೆಟ್ಟಿಗೆ ಕಲಿಯಲು ಎಷ್ಟು ದಿನ ಬೇಕೋ, ಕಲಿತರೂ ಆ ಸಾಲಿನಲ್ಲಿದ್ದವರು ಯಾರಾದರೂ ನೋಡುತ್ತಾರೋ ಇಲ್ಲವೋ, ತಿಂಗಳು ಮಾತ್ರ ಯಾರಿಗೂ ಕಾಯುವುದಿಲ್ಲ. ದಿನವೂ ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿ ನೋಡುವಳು. ಪೆಟ್ಟಿಗೆ ತೋರಿಸುವುದು ವಿಳಾಸ, ಕೆಲಸ ಖಾಲಿ ಇದೆಯೇ, ಬೆಲೆ. ಅಷ್ಟೇ.

ಬಂದರಿನವರು ಬಂದ ದಿನ ಯಜಮಾನರು ಹೊಸ ಕೋಟು ತೊಟ್ಟಿದ್ದರು. ಬಂದವರಲ್ಲಿ ಹಿರಿಯಳಾದ ಹೆಂಗಸೊಬ್ಬಳು ನಿಮ್ಮ ವೆಬ್‌ಸೈಟು ತೋರಿಸಿ ಎಂದಳು. ಯಜಮಾನರು ಹೆಮ್ಮೆಯಿಂದ ತಾವೇ ಕೀಲಿಮಣೆ ಎಳೆದುಕೊಂಡು ಹೆಸರು ಬರೆಯತೊಡಗಿದರು. ಅರ್ಧ ಹೆಸರು ಆಗಿತ್ತು. ಗೋಡೆಯ ಮೇಲೆ ಪೆಟ್ಟಿಗೆ ಬಾಯಿ ತೆರೆಯಿತು. ಕಂಪನಿಯ ಹೆಸರು, ಪಕ್ಕದಲ್ಲಿ 'ಸಾವು'. ಅದರ ಕೆಳಗೆ ಮತ್ತೆ ಹೆಸರು, ಪಕ್ಕದಲ್ಲಿ 'ಸಾವು ಸತ್ಯವೇನು'.

"ಇದೇನಿದು?" ಎಂದಳು ಆ ಹೆಂಗಸು.

"ಏನೂ ಇಲ್ಲ ಮೇಡಂ, ಯಾರೋ ಆಗದವರು..."

ಅವಳು ತನ್ನದೇ ಫೋನ್ ತೆಗೆದು ಅದನ್ನೇ ಒತ್ತಿದಳು. ಸಾವು ಎಂದು ಕೇಳಿದವರಿಗೆ ಸಾವನ್ನು ನೆಟ್ಟಗೆ ಹೇಳಿದ ಪುಟ ಅಕ್ಕನದೊಂದೇ ಇತ್ತು. 'ಸತ್ಯವೇನು' ಎಂಬ ಕಂಪನಿಯ ಪುಟವನ್ನೂ ಮೆಟ್ಟಿ ಅದು ಎಲ್ಲಕ್ಕಿಂತ ಮೇಲೆ ಎದ್ದು ನಿಂತಿತ್ತು. ಹೆಂಗಸು ಅದನ್ನು ಕೊನೆಯ ತನಕ ಓದಿದಳು. ಆಮೇಲೆ ಬಂದರಿನವರು ಎದ್ದು ಹೋದರು.

"ನೀನು ಯಾಕೆ ಹೇಳಲಿಲ್ಲ?" ಯಜಮಾನರ ಬೆರಳು ಪುಟಮ್ಮನ ಮೂಗಿನ ತನಕ ಬಂತು.

"ನೀವು ಹೇಳಿದ್ದನ್ನೇ ಮಾಡಿದ್ವಲ್ಲ ಸಾರ್, ಚಾಚೂ ತಪ್ಪದೆ," ಎಂದ ಕೋಡ್ ಮಾವ.

"ನಾಳೆ ಹೊರಗಿನವರು ಬರ್ತಾರೆ. ಪುಟ, ಪುಟ ಮಾಡಿದೋಳು, ಎಲ್ಲಾನೂ ಕಿತ್ತುಹಾಕಿಸ್ತೀನಿ!"

ಅಂದು ಪುಟಮ್ಮ ಆಫೀಸಿನಿಂದ ಅಕ್ಕನ ಮನೆಗೇ ಹೋದಳು. ಉಳಿದದ್ದು ಒಂದು ದಿನ. ಅದಾದ ಮೇಲೆ ಆ ಪುಟವೂ ಇಲ್ಲ, ತಿಂಗಳೂ ಇಲ್ಲ. ಅಕ್ಕ ಬಾಗಿಲು ತೆಗೆದವಳೇ ತುಟಿಗೆ ಬೆರಳಿಟ್ಟಳು. ಫೋನ್ ಕಿವಿಯಲ್ಲಿತ್ತು. ತಂಗಿ ಒಳಗೆ ಬರುತ್ತಲೇ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು. ಆ ಕಡೆ ಒಬ್ಬ ಹೆಂಗಸಿನ ದನಿ, ಹಿಂದೆ ಬಸ್ಸುಗಳ ಸದ್ದು.

"...ನಾನು ಅವರ ಪಕ್ಕದಲ್ಲೇ ಇದ್ದೆ ಅಕ್ಕ. ಮೇಲ್ವಿಚಾರಕ ಎಲ್ಲರಿಗೂ ಹುಡುಕಿ ಅಂದ. ನಾನೂ ಹುಡುಕಿದ್ರೆ ನಿಮ್ಮ ನಂಬರು ಬಂತು."

"ಗುಂಡಿ ಒತ್ತಿದ್ರೇನಮ್ಮ ಅವರು?"

"ಒತ್ತಿದ್ರು. ಎರಡನೇ ಸಲ ಒತ್ತಿದಾಗ ಮೇಲ್ವಿಚಾರಕ ಬಂದು, ಇನ್ನೊಂದು ಸಲ ಒತ್ತಿದ್ರೆ ನಾಳೆ ಬರ್ಬೇಡ ಅಂದ. ಅಣ್ಣ ಎದ್ದು ನಿಂತ್ರು. ಒಂದು ಪೆಟ್ಟಿಗೆ ಎತ್ತಿದ್ರು. ಅಷ್ಟೇ."

ಅಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು. "ಬಂದು ಹೇಳ್ತೀಯಾ ತಾಯಿ?"

ಬಸ್ಸೊಂದು ಹೋದ ಸದ್ದು.

"ಒಬ್ಳೇ ಬರಲ್ಲ ಅಕ್ಕ. ಅವರ ಕಂಪ್ಯೂಟರು ಒತ್ತಿಲ್ಲ ಅನ್ನುತ್ತೆ, ನಾನು ಒತ್ತಿದ್ರು ಅಂತೀನಿ. ಯಾರನ್ನ ನಂಬ್ತಾರೆ? ನನ್ನ ಅನ್ನಾನೂ ಹೋಗುತ್ತೆ, ನಿಮಗೂ ಏನೂ ಸಿಗಲ್ಲ. ಆ ಕಂಪನಿ ಒಳಗಿನವರು ಒಬ್ಬರು ಬಂದು ಹೇಳ್ಲಿ, ಅವರ ಹಿಂದೆ ನಾನೂ ಹೇಳ್ತೀನಿ. ಯಾರಾದ್ರೂ ಗೊತ್ತಾ ನಿಮಗೆ?"

ಅಕ್ಕ ತಂಗಿಯ ಕಡೆ ನೋಡಿದಳು. ಒಂದು ಕೈಯನ್ನು ಅವಳತ್ತ ಚಾಚಿ, ಮಾತಾಡಬೇಡ ಎಂದು ತಡೆದಳು. ಇಷ್ಟು ದಿನ ಕಾದದ್ದು ಅಂಗೈಗೆ ಬಂದು ಕೂತಿತ್ತು. ಅದನ್ನು ಅವಳೇ ಚೆಲ್ಲಿದಳು.

"ಇಲ್ಲಮ್ಮ. ಒಳಗಿನವರು ಯಾರೂ ಗೊತ್ತಿಲ್ಲ ನಮಗೆ."

"ಹಂಗಾದ್ರೆ ಕ್ಷಮಿಸಿ ಅಕ್ಕ..."

"ಇಡಬೇಡಿ!" ಪುಟಮ್ಮ ಫೋನನ್ನು ಬಾಚಿಕೊಂಡಳು. ಅಕ್ಕ ಕಿತ್ತುಕೊಳ್ಳಲು ಬಂದಳು, ಅವಳು ಬೆನ್ನು ತಿರುಗಿಸಿದಳು. "ನಾನು ಅದೇ ಕಂಪನಿಯವಳು. ಎರಡು ಸಲ ಒತ್ತಿದ್ದು ಅವರ ಹತ್ರ ಇದೆ ಅಂತ ಯಜಮಾನರ ಎದುರೇ ಕೈಪಟ್ಟಿಯ ಪ್ರೋಗ್ರಾಮ್ ಬರೆದವರು ಹೇಳಿದ್ದನ್ನ ನಾನು ಕೇಳಿದ್ದೀನಿ. ಒಂದು ತಿಂಗಳಾಗ್ತಾ ಬಂತು ಕೇಳಿ."

"ಕೇಳಿ ಸುಮ್ನಿದ್ರಾ?"

"ಸುಮ್ನಿರಲಿಲ್ಲ," ಎಂದಳು ಪುಟಮ್ಮ. "ನಿಮಗೆ ಈ ಪುಟ ಕಾಣಬಾರದು ಅಂತ ಕೆಳಗೆ ತಳ್ಳಿದವಳೂ ನಾನೇ. ಅದನ್ನೂ ಹೇಳ್ತೀನಿ. ಎಲ್ಲ ಹೇಳ್ತೀನಿ. ನಾಳೆನೇ ಬರ್ತೀನಿ. ನೀವು ಬನ್ನಿ."

ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಅಕ್ಕ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ, ಈ ಕಡೆ ನೋಡಲೂ ಇಲ್ಲ.

"ಸರಿ," ಎಂದಿತು ಫೋನಿನ ದನಿ. "ಎಲ್ಲಿಗೆ ಬರಬೇಕು?"

ಪುಟಮ್ಮನಿಗೆ ವಿಚಾರಣೆಯ ಆಫೀಸಿನ ವಿಳಾಸ ಗೊತ್ತಿರಲಿಲ್ಲ. ಅವಳು ಅಲ್ಲಿಗೆ ಒಂದು ದಿನವೂ ಹೋಗಿರಲಿಲ್ಲ.

ಅಕ್ಕ ಮುಖ ತಿರುಗಿಸದೆಯೇ ಹೇಳತೊಡಗಿದಳು. ಬಸ್ ನಿಲ್ದಾಣದಿಂದ ಎಡಕ್ಕೆ, ಔಷಧಿ ಅಂಗಡಿ ದಾಟಿದ ಮೇಲೆ ಹಳದಿ ಕಟ್ಟಡ, ಮೂರನೇ ಮಹಡಿ, ಲಿಫ್ಟು ಕೆಟ್ಟಿರುತ್ತೆ, ಮೆಟ್ಟಿಲಲ್ಲೇ ಬಾ ತಾಯಿ. ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದಳು. ಪುಟಮ್ಮ ಆ ಒಂದೊಂದು ಮಾತನ್ನೂ ಫೋನಿಗೆ ಮತ್ತೆ ಹೇಳುತ್ತ ಹೋದಳು.