ಬ್ರೇಕಿಗೆ ಹಾಕಿದ ಎಣ್ಣೆ

ಬಸ್ ಚಾರ್ಜು ಏರಿದ ದಿನ ನಮ್ಮ ಬೀದಿಯಲ್ಲಿ ಬೈಯದ ಬಾಯಿ ಇರಲಿಲ್ಲ. ಬೈಯದವಳು ನಾನೊಬ್ಬಳೇ. ಯಾಕೆಂದರೆ ನನ್ನದು ಸೈಕಲ್ ರಿಪೇರಿ ಅಂಗಡಿ. ಮನೆ ಮುಂದೆ ತಗಡಿನ ಚಪ್ಪರ, ಒಂದು ಗಾಳಿ ಪಂಪು, ಪಂಕ್ಚರ್ ನೋಡಲು ನೀರಿನ ಬಾನಿ, ಹಳೇ ಟ್ಯೂಬುಗಳ ಗುಡ್ಡೆ. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಬೀದಿಯವರೆಲ್ಲ ನನ್ನನ್ನು ಪಂಕ್ಚರಕ್ಕ ಅನ್ನುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

"ಸೈಕಲ್ ತುಳಿದ್ರೆ ನಿಜವಾಗ್ಲೂ ದುಡ್ಡು ಉಳಿಯತ್ತಾ ಪಂಕ್ಚರಕ್ಕ?" ಎಂದು ಕೇಳುವವರು ದಿನಕ್ಕೆ ನಾಲ್ಕು ಜನ ಬರುತ್ತಾರೆ. ಮೊದಲೆಲ್ಲ "ಉಳಿಯತ್ತೆ, ಹೋಗು" ಎಂದು ಒಂದೇ ಮಾತಿನಲ್ಲಿ ಕಳಿಸುತ್ತಿದ್ದೆ. ಈಗ ಕೂರಿಸಿಕೊಂಡು ನಮ್ಮ ಎಣ್ಣೆಯಣ್ಣನ ಕಥೆ ಹೇಳುತ್ತೇನೆ.

ಎಣ್ಣೆ ಅಂದ ಕೂಡಲೇ ನಗಬೇಡಿ. ಅವನು ಬಾಯಿಗೆ ಒಂದು ಹನಿ ಹಾಕಿದವನಲ್ಲ. ನೂಲಿನ ಮಿಲ್ಲಿನಲ್ಲಿ ಮಿಶನ್ನುಗಳಿಗೆ ಎಣ್ಣೆ ಬಿಡುವ ಕೆಲಸ ಅವನದು. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಕ್ಯಾನು, ಹೆಗಲ ಮೇಲೆ ಏಣಿ. ಎಲ್ಲಿ ಕಿರ್ ಅಂದಿತೋ ಅಲ್ಲಿಗೆ ಏಣಿ ಹಾಕಿ ಹತ್ತಿ ಎರಡು ಹನಿ ಬಿಟ್ಟು ಇಳಿಯಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ. ಮನೆಯ ಬಾಗಿಲು ಕಿರ್ ಎಂದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ನರ್ಸಿಂಗ್ ಓದಬೇಕೆಂದು ಅವಳಿಗೆ ಚಿಕ್ಕಂದಿನ ಆಸೆ. ಸೀಟು ಸಿಗುವಷ್ಟು ಅಂಕ ಇತ್ತು, ಕಟ್ಟಲು ಫೀಸು ಇರಲಿಲ್ಲ. ಬಸ್ ಚಾರ್ಜು ಏರಿದ ಮಾರನೆಯ ದಿನ ಅವನು ನನ್ನ ಅಂಗಡಿಗೆ ಬಂದ.

"ಪಂಕ್ಚರಕ್ಕ, ಒಂದು ಹಳೇ ಸೈಕಲ್ ಕೊಡು. ಬಸ್ಸಿನ ದುಡ್ಡು ದಿನಾ ಡಬ್ಬಿಗೆ ಹಾಕ್ತೀನಿ. ಒಂದು ವರ್ಷ ಆದ್ರೆ ಮಗಳ ಫೀಸ್ ಆಗತ್ತೆ."

"ಆಗತ್ತೆ ಅಣ್ಣ. ಆದ್ರೆ ಸೈಕಲ್ಲಿಗೂ ಹೊಟ್ಟೆ ಇದೆ. ಬ್ರೇಕ್ ರಬ್ಬರು, ಟ್ಯೂಬು, ಟೈರು, ಚೈನು ಎಲ್ಲಾ ಸೇರಿ ವರ್ಷಕ್ಕೆ ಒಂದು ತಿಂಗಳ ಬಸ್ ಚಾರ್ಜು ಅದಕ್ಕೇ ಬೇಕು. ಮಿಕ್ಕಿದ ಹನ್ನೊಂದು ತಿಂಗಳದ್ದು ನಿನ್ನದು."

ಅವನು ನಕ್ಕ. "ಹನ್ನೆರಡೂ ಉಳಿಸಿ ತೋರಿಸ್ತೀನಿ ನೋಡ್ತಿರು."

ಅತಿ ಆಸೆ ಗತಿಗೇಡು ಎನ್ನುತ್ತಾರಲ್ಲ, ಅದು ಲಕ್ಷಾಧಿಪತಿಗಳಿಗೆ ಹೇಳಿದ ಗಾದೆ ಅಂತ ನಾನೂ ತಿಳಿದಿದ್ದೆ.

ಏಳು ತಿಂಗಳು ತುಳಿದ. ಡಬ್ಬಿ ತುಂಬುತ್ತಾ ಬಂತು. ಒಂದು ದಿನ ಸಂಜೆ ಮಿಲ್ಲಿನಿಂದ ಬರುವಾಗ ಅವನ ಸೈಕಲ್ಲು ಬೀದಿಯ ಆ ತುದಿಯಿಂದಲೇ ಚೀರಿಕೊಂಡು ಬಂತು. ಮಕ್ಕಳು ಕಿವಿ ಮುಚ್ಚಿಕೊಂಡರು. ನಾನು ತಡೆದು ನಿಲ್ಲಿಸಿ ನೋಡಿದೆ. ಬ್ರೇಕ್ ರಬ್ಬರು ಪೂರ್ತಿ ಸವೆದು ಒಳಗಿನ ಕಬ್ಬಿಣ ಚಕ್ರದ ರಿಮ್ಮಿಗೆ ಉಜ್ಜುತ್ತಿತ್ತು.

"ಅಣ್ಣ, ರಬ್ಬರು ಸತ್ತುಹೋಗಿದೆ. ಇಳಿ, ಈಗ್ಲೇ ಹಾಕ್ಕೊಡ್ತೀನಿ."

"ಎಷ್ಟಾಗತ್ತೆ?"

"ನಿನ್ನ ಎರಡು ದಿನದ ಬಸ್ ಚಾರ್ಜು."

"ಬರೀ ಸದ್ದಿಗೆ ಅಷ್ಟಾ? ಮೊಸರು ಮಾರೋಳು ತನ್ನ ಮೊಸರು ಹುಳಿ ಅಂತಾಳಾ! ನಿನಗೆ ವ್ಯಾಪಾರ ಆಗ್ಬೇಕು, ಅದಕ್ಕೆ ಹೇಳ್ತೀಯ."

ನನಗೆ ಉರಿದುಹೋಯಿತು. "ಹೋಗು ಹಾಗಾದ್ರೆ" ಎಂದುಬಿಟ್ಟೆ.

ಮಾರನೆಯ ದಿನ ಬೆಳಗಿನ ಪಾಳಿಗೆ ಹೊರಟವನು ನನ್ನ ಅಂಗಡಿ ಮುಂದೆ ಕಾಲೂರಿ ನಿಂತ. ನಾನು ಬಾನಿಯ ನೀರಿನಲ್ಲಿ ಟ್ಯೂಬು ಮುಳುಗಿಸಿಕೊಂಡು ಬೆನ್ನು ಮಾಡಿ ಕುಳಿತಿದ್ದೆ.

"ಪಂಕ್ಚರಕ್ಕ, ಕೇಳಿಸ್ಕೋ. ಈಗ ಕೂಗುತ್ತಾ?" ಎಂದು ಬ್ರೇಕ್ ಒತ್ತಿದ. ಸದ್ದೇ ಇರಲಿಲ್ಲ. "ಒಂದು ಕಾಸು ಖರ್ಚಿಲ್ಲ!"

ನಾನು ತಿರುಗಲಿಲ್ಲ. ಹಿಂದಿನ ದಿನದ ಸಿಟ್ಟು ಇನ್ನೂ ಇತ್ತು. "ನಿನ್ನ ಹಣೆಬರಹ, ಹೋಗಣ್ಣ" ಎಂದೆ. ತಿರುಗಿ ಒಂದು ಸಲ ನೋಡಿದ್ದರೆ ರಿಮ್ಮು ಫಳಫಳ ಹೊಳೆಯುತ್ತಿದ್ದದ್ದು ಕಾಣುತ್ತಿತ್ತು. ನೋಡಲಿಲ್ಲ. ಇದನ್ನು ನಾನು ಈಗ ಯಾರ ಹತ್ತಿರವೂ ಮುಚ್ಚಿಡುವುದಿಲ್ಲ.

ನಮ್ಮ ಬೀದಿ ಸಮತಟ್ಟು. ಬೀದಿ ಮುಗಿದ ಮೇಲೆ ಸೇತುವೆ, ಸೇತುವೆ ದಾಟಿದರೆ ಇಳಿಜಾರು, ಇಳಿಜಾರಿನ ಕೊನೆಗೆ ಸಿಗ್ನಲ್ಲು. ಆ ದಿನ ಸಿಗ್ನಲ್ಲಿನಲ್ಲಿ ಒಂದು ಲಾರಿ ನಿಂತಿತ್ತು. ತನ್ನ ಪಾಡಿಗೆ, ಸರಿಯಾಗಿ, ನಿಂತಿತ್ತು. ಎಣ್ಣೆಯಣ್ಣ ಎರಡೂ ಬ್ರೇಕು ಹಿಡಿದ. ಸೈಕಲ್ಲು ನಿಲ್ಲಲಿಲ್ಲ.

ಬಲಗಾಲಿನ ಮಂಡಿ ಪುಡಿಯಾಯಿತು. ಹನ್ನೊಂದು ದಿನ ಆಸ್ಪತ್ರೆ. ಏಳು ತಿಂಗಳ ಡಬ್ಬಿ ಮೂರೇ ದಿನಕ್ಕೆ ಖಾಲಿಯಾಯಿತು. ಮಿಕ್ಕ ಎಂಟು ದಿನಕ್ಕೆ ಅವನ ಹೆಂಡತಿ, ನಾನು ಅತ್ತಿಗೆ ಅಂತ ಕರೆಯುತ್ತೇನೆ, ತನ್ನ ಹೊಲಿಗೆ ಮಿಶನ್ನು ಮಾರಿದಳು. ಗಾಯ ಒಣಗಿತು, ಮಂಡಿ ಮಡಚಲಿಲ್ಲ. ಮಂಡಿ ಮಡಚದವನು ಏಣಿ ಹತ್ತುವುದು ಹೇಗೆ? ಮಿಲ್ಲಿನವರು ಮೂರು ತಿಂಗಳು ಕಾದು ಬೇರೆಯವನನ್ನು ಹಾಕಿಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮಂಡಿಯೂ ಹಾಗೇ.

ಅಪಘಾತದ ದಿನವೇ ಯಾರೋ ಅವನ ಸೈಕಲ್ಲನ್ನು ತಂದು ನನ್ನ ಚಪ್ಪರದ ಕೆಳಗೆ ಒರಗಿಸಿ ಹೋಗಿದ್ದರು. ನಾನು ರಿಮ್ಮನ್ನು ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಜಿಡ್ಡಾಯಿತು. ಮೂಸಿ ನೋಡಿದೆ. ಮಿಲ್ಲಿನ ಎಣ್ಣೆ. ಆದರೆ ಅವನು ಮನೆಯಲ್ಲಿ "ಬ್ರೇಕ್ ವೈರು ಕಿತ್ತುಹೋಯ್ತು" ಎಂದು ಹೇಳಿದ್ದ. ಬಿದ್ದವನ ಮರ್ಯಾದೆ ಇನ್ನಷ್ಟು ತೆಗೆಯುವುದು ಯಾಕೆ ಎಂದು ಬಾಯಿ ಮುಚ್ಚಿಕೊಂಡೆ.

ನಾಲ್ಕನೆಯ ತಿಂಗಳು ಅತ್ತಿಗೆ ಅಂಗಡಿಗೆ ಬಂದಳು. ಹಿಂದೆಯೇ ಮಗಳು, ಮುಖ ಊದಿಸಿಕೊಂಡು.

"ಈ ದರಿದ್ರ ಸೈಕಲ್ನ ಗುಜರಿಗೆ ಹಾಕು. ಬಂದಷ್ಟು ಬರ್ಲಿ."

"ಅತ್ತೆ, ಕೊಡ್ಬೇಡ!" ಎಂದಳು ಹುಡುಗಿ. "ನನಗೆ ಕೆಲಸ ಸಿಕ್ಕಿದೆ. ಆಸ್ಪತ್ರೆ ಬಟ್ಟೆ ಒಗೆಯೋ ಫ್ಯಾಕ್ಟರಿಲಿ. ಎರಡು ಬಸ್ ಬದಲಾಯಿಸ್ಬೇಕು. ಸಂಬಳದಲ್ಲಿ ಕಾಲು ಭಾಗ ಬಸ್ಸಿಗೇ ಹೋಗತ್ತೆ. ಮಿಕ್ಕಿದ್ದು ಮನೆಗೆ ಬೇಕು. ಸೈಕಲ್ಲಲ್ಲಿ ಹೋದ್ರೆ ಆ ಕಾಲು ಭಾಗ ಉಳಿಯತ್ತೆ. ಬರೋ ವರ್ಷ ಫೀಸ್ ಕಟ್ಬೋದು. ಇಲ್ಲಾಂದ್ರೆ ನಾನು ಜನ್ಮ ಪೂರ್ತಿ ಬೇರೆಯವರ ಹಾಸಿಗೆ ಬಟ್ಟೆ ಒಗೀತಾ ಇರ್ಬೇಕು."

"ಒಗಿ! ಎರಡು ಕಾಲಿರತ್ತಲ್ಲ!" ಅತ್ತಿಗೆ ಕೂಗಿದಳು. "ನಿಮ್ಮಪ್ಪನೂ ಉಳಿತಾಯ ಅಂತಲೇ ಹೋಗಿದ್ದು. ಏನು ಉಳೀತು? ಹೇಳೇ ಪಂಕ್ಚರಕ್ಕ, ಏನು ಉಳೀತು? ಕಾಲೂ ಹೋಯ್ತು, ಕೆಲಸನೂ ಹೋಯ್ತು. ಸೈಕಲ್ಲು ಬಡವರ ಮನೆ ಮುರಿಯೋ ಸಾಮಾನು."

ಅಷ್ಟರಲ್ಲಿ ಊರುಗೋಲಿನ ಸದ್ದು ಕೇಳಿಸಿತು. ಎಣ್ಣೆಯಣ್ಣ ಎರಡು ಮನೆ ಆಚೆಯಿಂದ ಎಲ್ಲ ಕೇಳಿಸಿಕೊಂಡು ಬಂದಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಮನೆಯ ಹೊಸಿಲು ದಾಟಿದ್ದು ಅದೇ ಮೊದಲು.

"ಅದನ್ನ ಬೈಬೇಡ್ವೇ" ಎಂದ ಹೆಂಡತಿಗೆ. "ವೈರು ಕಿತ್ತುಹೋಗಿರ್ಲಿಲ್ಲ. ನಾನೇ ಬ್ರೇಕಿಗೆ ಎಣ್ಣೆ ಹಾಕಿದ್ದೆ."

"ಏನಂದ್ರಿ?"

"ಕೂಗ್ತಿತ್ತು. ಕೂಗೋದಕ್ಕೆಲ್ಲ ಎಣ್ಣೆ ಹಾಕೋದೇ ನನ್ನ ಕೆಲಸ ಅಲ್ವಾ? ರಿಮ್ಮಿಗೆ ಸುತ್ತಲೂ ಬಿಟ್ಟೆ. ಇವಳು ರಬ್ಬರು ಬದಲಾಯಿಸು ಅಂತ ಹೇಳಿದ್ಳು. ಎರಡು ದಿನದ ಬಸ್ ಚಾರ್ಜು ಕೇಳಿದ್ಳು. ಕೊಡ್ಲಿಲ್ಲ."

ಆಗ ಅತ್ತಿಗೆಯ ಬಾಯಿಂದ ಬಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಎರಡು ದಿನದ್ದಕ್ಕಾ ರೀ? ಎರಡೇ ಎರಡು ದಿನದ್ದಕ್ಕಾ?"

ನಾನೂ ಆಗ ನನ್ನ ತಪ್ಪು ಹೇಳಿಕೊಂಡೆ. "ಅತ್ತಿಗೆ, ಆ ಬೆಳಗ್ಗೆ ನನ್ನ ಮುಂದೇ ನಿಂತಿದ್ದ. ಸಿಟ್ಟಿನಲ್ಲಿ ನಾನು ತಿರುಗಿ ನೋಡ್ಲಿಲ್ಲ. ಬಾಯಲ್ಲಿ ಬೈದೆ, ಕೈ ಹಿಡಿದು ನಿಲ್ಲಿಸ್ಲಿಲ್ಲ." ಅವಳು ನನಗೆ ಒಂದೆರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ಕಣ್ಣೊರೆಸಿಕೊಂಡಳು. "ನನಗೆ ತೋರಿಸು" ಎಂದಳು. "ಎಣ್ಣೆ ಹಾಕಿದ್ರೆ ಹೇಗೆ, ಹಾಕದಿದ್ರೆ ಹೇಗೆ, ಎರಡೂ ತೋರಿಸು. ಬಾಯಿಮಾತು ಇನ್ನು ನಂಬಲ್ಲ."

ಗಿರಾಕಿಯೊಬ್ಬರ ಹಳೇ ಸೈಕಲ್ಲು ರಿಪೇರಿಗೆ ಬಂದು ನಿಂತಿತ್ತು. ಅದರ ಸವೆದ ರಬ್ಬರಿನ ಮೇಲೆ, ರಿಮ್ಮಿನ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದೆ. "ಎರಡೂ ಬ್ರೇಕು ಗಟ್ಟಿಯಾಗಿ ಹಿಡ್ಕೊಂಡು ಮುಂದಕ್ಕೆ ತಳ್ಳು" ಎಂದೆ. ತಳ್ಳಿದಳು. ಬ್ರೇಕು ಹಿಡಿದೇ ಇದೆ, ಚಕ್ರ ಜಾರಿಕೊಂಡು ಉರುಳುತ್ತಲೇ ಇದೆ. ಬೆರಳ ಗೆಣ್ಣು ಬಿಳುಚುವವರೆಗೂ ಹಿಡಿದಳು. ಗೋಡೆಗೆ ಹೋಗಿ ತಾಗುವವರೆಗೂ ಸೈಕಲ್ಲು ನಿಲ್ಲಲಿಲ್ಲ. ಗೋಡೆಯ ಹತ್ತಿರ ನಿಂತು ಅವಳು ಜೋರಾಗಿ ಅತ್ತುಬಿಟ್ಟಳು. ಇಳಿಜಾರಿನಲ್ಲಿ ಗಂಡನ ಕೈಗೆ ಏನಾಗಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.

ನಾನು ರಿಮ್ಮನ್ನು ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು ಒಣಬಟ್ಟೆಯಲ್ಲಿ ಒರೆಸಿದೆ. ಹಳೇ ರಬ್ಬರು ಕಿತ್ತು ಹೊಸದು ಹಾಕಿದೆ. "ಈಗ ತಳ್ಳು." ತಳ್ಳಿದಳು. ಮಗಳೂ ಹಿಂದಿನಿಂದ ನೂಕಿದಳು. ಸೈಕಲ್ಲು ಒಂದು ಅಂಗುಲ ಕದಲಲಿಲ್ಲ.

"ಎಣ್ಣೆ ಚೈನಿಗೆ ಮಾತ್ರ" ಎಂದೆ. "ಬ್ರೇಕಿಗೆ, ರಿಮ್ಮಿಗೆ ಒಂದು ಹನಿನೂ ತಾಗ್ಬಾರ್ದು. ಬ್ರೇಕು ಕೂಗಿದ್ರೆ ಹಸಿದಿದೆ ಅಂತ ಅರ್ಥ. ಹಸಿದ ಮಗುವಿನ ಬಾಯಿ ಮುಚ್ತೀವಾ?"

"ಸರಿ. ನಿಜ ಹೇಳು ಈಗ. ದುಡ್ಡು ಉಳಿಯತ್ತಾ ಇಲ್ವಾ?"

"ಹನ್ನೊಂದು ತಿಂಗಳದ್ದು ಉಳಿಯತ್ತೆ. ಹನ್ನೆರಡನೇದಕ್ಕೆ ಆಸೆಪಟ್ರೆ ಹನ್ನೆರಡೂ ಹೋಗತ್ತೆ. ನಿನಗೆ ನಾನು ಲೆಕ್ಕ ಹೇಳ್ಬೇಕಾ ಅತ್ತಿಗೆ?"

ಅತ್ತಿಗೆ ಎಣ್ಣೆಯಣ್ಣನ ಕಾಲನ್ನು ನೋಡಿದಳು. ಆಮೇಲೆ ಮಗಳನ್ನು ನೋಡಿದಳು. "ಎರಡು ಡಬ್ಬಿ ಇಡ್ತೀನಿ" ಎಂದಳು. "ದೊಡ್ಡದು ಫೀಸಿಗೆ. ಚಿಕ್ಕದು ಸೈಕಲ್ಲಿಗೆ. ಚಿಕ್ಕದಕ್ಕೆ ಹಾಕದೆ ದೊಡ್ಡದಕ್ಕೆ ಯಾರಾದ್ರೂ ಒಂದು ಕಾಸು ಹಾಕಿದ್ರೆ ನಾನು ಸುಮ್ನಿರಲ್ಲ."

ಎಣ್ಣೆಯಣ್ಣನ ಸೈಕಲ್ಲಿನಲ್ಲಿ ಮುಂದಿನ ಚಕ್ರ ಹಿಡಿಯುವ ಸೊಟ್ಟಗಾಗಿದ್ದ ಫೋರ್ಕು ಬದಲಾಯಿಸಿದೆ, ಹಿಂದೆ ಕೆಂಪು ರಿಫ್ಲೆಕ್ಟರು ಹಾಕಿದೆ, ಎರಡೂ ಚಕ್ರಕ್ಕೆ ಹೊಸ ಬ್ರೇಕ್ ರಬ್ಬರು ಹಾಕಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.

ಇದಾಗಿ ಎಂಟು ತಿಂಗಳು. ಹುಡುಗಿ ದಿನಾ ಹೋಗಿ ಬರುತ್ತಿದ್ದಾಳೆ. ಎಣ್ಣೆಯಣ್ಣನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಸಿಗುವ ನಂಬಿಕೆಯೂ ಅವನಿಗಿಲ್ಲ. ಆದರೆ ದಿನಾ ಬೆಳಗ್ಗೆ ಮಗಳು ಹೊರಡುವ ಮೊದಲು ಅವನು ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತಾನೆ. ಈಗ ಅವನ ಕೈಯಲ್ಲಿ ಎಣ್ಣೆ ಎಲ್ಲಿಂದ ಬರಬೇಕು ಹೇಳಿ. ಆದರೂ ತೊಳೆಯುತ್ತಾನೆ. ಒರೆಸಿಕೊಂಡು ರಿಮ್ಮನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾನೆ, ಬ್ರೇಕು ಹಿಡಿಯುತ್ತಾನೆ. ಅತ್ತಿಗೆ ಹಿಂದಿನಿಂದ ನೂಕುತ್ತಾಳೆ. ಕದಲದಿದ್ದರೆ ಮಾತ್ರ "ಹೋಗಿ ಬಾ".

"ಅಪ್ಪ, ನಿನ್ನೆ ತಾನೇ ನೋಡಿದ್ಯಲ್ಲ!"

"ನಿನ್ನೇದು ನಿನ್ನೆಗೆ."

ಹೋದ ವಾರ ನಾನು ಅಂಗಡಿ ತೆಗೆಯುವ ಮೊದಲೇ ಅವನು ಕಲ್ಲಿನ ಮೇಲೆ ಕುಳಿತಿದ್ದ. ಊರುಗೋಲು ಒಂದು ಕೈಯಲ್ಲಿ, ಸೈಕಲ್ಲು ಇನ್ನೊಂದು ಕೈಯಲ್ಲಿ. ಎರಡು ಮನೆಯ ದೂರ ತಳ್ಳಿಕೊಂಡು ಬಂದದ್ದಕ್ಕೇ ಬೆವರಿಳಿಯುತ್ತಿತ್ತು. ಮಗಳನ್ನು ಆ ದಿನ ಬಸ್ಸಿಗೆ ಕಳಿಸಿದ್ದ, ಚಿಕ್ಕ ಡಬ್ಬಿಯ ದುಡ್ಡಿನಲ್ಲಿ.

"ಸಣ್ಣದಾಗಿ ಕೂಗ್ತಾ ಇದೆ ಪಂಕ್ಚರಕ್ಕ. ನೋಡು."

ಕೈಯಲ್ಲಿದ್ದ ಬೀಗವನ್ನು ಹಾಗೆಯೇ ಕೆಳಗಿಟ್ಟು ನಾನು ತಿರುಗಿ ಕುಳಿತೆ. ನೋಡಿದೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ನೀವು ಬಸ್ಸಿಗೇ ಹೋಗಿ ಅಂತ ನಾನು ಹೇಳುತ್ತಿಲ್ಲ. ಸೈಕಲ್ಲು ತುಳಿಯಿರಿ, ದುಡ್ಡು ಖಂಡಿತ ಉಳಿಯುತ್ತದೆ. ಆದರೆ ವರ್ಷಕ್ಕೆ ಒಂದು ತಿಂಗಳ ಬಸ್ ಚಾರ್ಜನ್ನು ಅದರ ಹೊಟ್ಟೆಗೆ ಎಂದು ಮೊದಲೇ ಎತ್ತಿಡಿ. ಮನೆಯಿಂದ ಹೊರಡುವ ಮೊದಲು ಎರಡೂ ಬ್ರೇಕು ಹಿಡಿದು ಒಂದು ಸಲ ತಳ್ಳಿ ನೋಡಿ. ಕದಲಿದರೆ ಹತ್ತಬೇಡಿ. ಪಕ್ಕದ ಮನೆಯವರ ಸೈಕಲ್ಲು ಚೀರುತ್ತಾ ಹೋದರೆ, ಅವರ ಮೇಲೆ ನಿಮಗೆ ಎಷ್ಟೇ ಸಿಟ್ಟಿರಲಿ, ಅಡ್ಡ ನಿಂತು ತಡೆಯಿರಿ. ಬೈದರೆ ಬೈಸಿಕೊಳ್ಳಿ. ನಾನು ಬೈಸಿಕೊಳ್ಳಲು ಒಪ್ಪದ ಒಂದು ಬೆಳಗಿಗೆ ಒಂದು ಸಂಸಾರ ಬೆಲೆ ತೆತ್ತಿದೆ, ಇನ್ನೂ ತೆರುತ್ತಿದೆ.