ಅಕ್ಕನ ಜಾಗಕ್ಕೆ ಬಂದವಳು

ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಮೂತಿ ಬೀದಿಯ ಕಡೆಗಿದೆ, ಕೆಲಸಕ್ಕೆ ಬಂದವಳು ಬಿಡುವಾಗಲೇ ತಿರುಗಿಸಿಟ್ಟಿದ್ದಾಳೆ, ಹೊರಡುವುದನ್ನು ಮೊದಲೇ ಯೋಚಿಸುವವರ ಜಾಣತನ, ಕನ್ನಡಕದ ಅಂಗಡಿಯವಳು ಅದನ್ನೇ ನೋಡುತ್ತ ನಿಂತುಬಿಟ್ಟಳು — ಒಳಗೆ ಬರಲಾ ಮೇಡಂ — ಬಾಮ್ಮ, ಬಾ, ಕೂತ್ಕೋ. ಹಿಂದೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳಂತೆ, ನಿಂತೂ ನಿಂತೂ ಕಾಲು ಊದಿಕೊಂಡು ಆ ಕೆಲಸ ಬಿಟ್ಟಳಂತೆ, ಈಗ ಕೈಲಾಗದವರ ಮನೆಗೆ ಹೋಗಿ ಹೊರಗಿನ ಕೆಲಸ, ಒಳಗಿನ ಕೆಲಸ ನೋಡಿಕೊಳ್ಳುತ್ತಾಳೆ, ನಿಮಗೆ ಏನೇನು ಮಾಡ್ಬೇಕು ಹೇಳಿ ಮೇಡಂ. ಏನೇನು? ಅದು ಗೊತ್ತಿದ್ದರೆ ಇವಳನ್ನು ಕರೆಸುವ ಪ್ರಮೇಯವೇ ಇರಲಿಲ್ಲವಲ್ಲ. ತಾನು ಐವತ್ತು ದಾಟಿದ ಹೆಂಗಸು, ಊರವರ ಕಣ್ಣಿನ ಕೂದಲೆಳೆಯಷ್ಟು ದೋಷ ಹಿಡಿದು ಗಾಜು ಉಜ್ಜಿ ಕೊಡುವವಳು, ತನ್ನ ಮನೆಯ ಕಸ ಯಾರು ಒಯ್ಯುತ್ತಾರೆ, ಕರೆಂಟು ಬಿಲ್ಲು ಎಲ್ಲಿ ಕಟ್ಟುತ್ತಾರೆ, ಸೋಪು ಯಾವುದು — ಅಕ್ಕ, ಅಕ್ಕ, ಎಲ್ಲಕ್ಕೂ ಅಕ್ಕ. ಅಮ್ಮ ಹೋದಾಗ ಅಕ್ಕ ಕಾಲೇಜು ಬಿಟ್ಟು ಸೌಟು ಹಿಡಿದಳು, ತಂಗಿಯ ಜಡೆ ಹೆಣೆದಳು, ಓದಿಸಿದಳು, ಅಂಗಡಿ ಹಾಕಿಸಿಕೊಟ್ಟಳು, ಮದುವೆಯ ಮಾತೆತ್ತಿದವರಿಗೆಲ್ಲ ಪುಟ್ಟಿನ ಯಾರು ನೋಡ್ಕೋತಾರೆ ಅಂದಳು, ಪುಟ್ಟಿಯ ತಲೆ ನೆರೆತ ಮೇಲೂ ಅದೇ ಮಾತು, ಪುಟ್ಟಿಯ ಪಾಲಿಗೆ ಅದು ಮಾತಲ್ಲ, ಗೋಡೆ, ಒರಗಿಕೊಳ್ಳುವುದಕ್ಕೆ. ಕೊನೆಗೆ ಅಕ್ಕನಿಗೆ ಅರವತ್ತರ ಅಂಚಿನಲ್ಲಿ ಆ ಗಡಿಯಾರ ರಿಪೇರಿಯವನು ಸಿಕ್ಕ — ಅಂಗಡಿಯಲ್ಲೇ, ಪುಟ್ಟಿಯೇ ಅವನ ಕಣ್ಣು ಪರೀಕ್ಷೆ ಮಾಡುತ್ತಿದ್ದಳು, ಅಕ್ಕ ಊಟದ ಡಬ್ಬಿ ಹಿಡಿದು ಒಳಗೆ ಬಂದಳು, ಈಗ ಕಾಣಿಸ್ತಾ ಇದೆಯಾ ಅಂದರೆ ಅವನು ಅಕ್ಷರದ ಬೋರ್ಡು ಬಿಟ್ಟು ಅಕ್ಕನ ಕಡೆ ನೋಡಿ, ಈಗ ಚೆನ್ನಾಗಿ ಕಾಣಿಸ್ತಾ ಇದೆ ಅಂದ, ಮೂವರೂ ನಕ್ಕರು, ಪುಟ್ಟಿಯೇ ಎಲ್ಲರಿಗಿಂತ ಜೋರಾಗಿ. ಮದುವೆಗೆ ಒಪ್ಪಿದ ದಿನ ಅಕ್ಕ ಅಂದಳು, ನನಗೂ ಒಂದು ಬದುಕು ಬೇಡ್ವೇನೇ ಪುಟ್ಟಿ. ಬೇಕು, ಯಾರು ಬೇಡ ಅಂದರು, ಹೋಗಿ ಬಾ ಅಂದಳು ಪುಟ್ಟಿ, ಅವನ ಕಾರು ಬಂದು ಹಾರ್ನ್ ಹೊಡೆದಾಗಲೂ ಅಕ್ಕ ಪಾತ್ರೆ ತೊಳೆಯುತ್ತಲೇ ಇದ್ದಳು, ಹಾಗೇ ಓಡಿದಳು, ಮೊಣಕೈಗೆ ಸೋಪಿನ ನೊರೆ, ಅಳು ಬರಬಹುದು ಅಂತ ಪುಟ್ಟಿ ಕಾದಳು, ಬರಲಿಲ್ಲ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ಹಾಗೆ, ತುಟಿ ಇದೆ, ತನ್ನದಲ್ಲ —

ಮೇಡಂ, ಬಟ್ಟೆ ಮೆಷಿನ್ನು ನೀರು ಎಳೀತಾ ಇಲ್ಲ, ನೀರು ಎಲ್ಲಿ ಬಂದ್ ಮಾಡಿದೀರಾ? ಯಾವಾಗ ಎದ್ದು ಹೋದಳು ಇವಳು, ಒಗೆಯದ ಬಟ್ಟೆಯ ಗುಡ್ಡ ಅವಳೇ ಕಂಡುಕೊಂಡಳೇನೋ, ತಾನು ತೊಟ್ಟಿರುವುದೂ ಅಕ್ಕ ಬಿಟ್ಟುಹೋದ ಹಳೆಯ ಅಂಗಿ, ತೋಳು ಉದ್ದ. ನಂಗೆ ಗೊತ್ತಿಲ್ಲ. ಯಾರಿಗೆ ಗೊತ್ತು ಮೇಡಂ? ಅಕ್ಕನಿಗೆ. ಕೇಳೋಣ್ವಾ? ನೀನೇ ಕೇಳಮ್ಮ. ಸ್ಪೀಕರಿಗೆ ಹಾಕಿದ ಫೋನಿನ ಸದ್ದು ಕೋಣೆ ತುಂಬ, ಹಲೋ ಪುಟ್ಟೀ, ಎಷ್ಟು ದಿನ ಆಯ್ತೇ — ಪುಟ್ಟಿ ಅಲ್ಲಮ್ಮ, ನಾನು ಸಹಾಯಕ್ಕೆ ಅಂತ ಹೊಸದಾಗಿ ಬಂದಿರೋಳು. ಆಮೇಲೆ ಅಕ್ಕ ಶುರು ಹಚ್ಚಿಕೊಂಡಳು, ಸಿಂಕಿನ ಕೆಳಗೆ ಕೈ ಹಾಕು, ನೀಲಿ ತಿರುಪು, ಎಡಕ್ಕೆ ತಿರುಗಿಸು, ಹಾಗೇ ಕೇಳಿಸ್ಕೋಮ್ಮ, ಒಂದು ಸಲ ಕರೆದ್ರೆ ಊಟಕ್ಕೆ ಬರೋಳಲ್ಲ ಅವಳು, ಎರಡು ಸಲ ಕರೀಬೇಕು, ತಲೆನೋವು ಅಂದಾಗ ಮಾತಾಡಿಸ್ಬೇಡ, ಬಾಗಿಲು ಮುಂದೆ ಮಾಡಿ ಬಂದ್ಬಿಡು, ಬ್ಯಾಂಕಿನವರು ಫೋನ್ ಮಾಡಿದ್ರೆ ಹೆದರ್ತಾಳೆ, ನೀನೇ ತಗೋ — ಮನೆ ಖಾಲಿ ಮಾಡುವವರು ಬೆಕ್ಕನ್ನು ಪಕ್ಕದ ಮನೆಗೆ ಒಪ್ಪಿಸುವ ಹಾಗೆ. ಹಿಂದೆಲ್ಲೋ ಗಂಡಸಿನ ನಗು, ಚಮಚ ಬಿದ್ದ ಸದ್ದು, ಇರೀ, ಬಂದೆ — ಅಕ್ಕನ ಬಾಯಲ್ಲಿ ಆ ಇರೀ ಎಷ್ಟು ಸಲೀಸು — ಸ್ವಲ್ಪ ಅವಳ ಕೈಗೆ ಕೊಡಮ್ಮ. ಪುಟ್ಟಿಯ ತಲೆ ಅಡ್ಡ ಆಡಿತು. ಕಂಡಕ್ಟರಮ್ಮ ಒಂದು ಗಳಿಗೆ ನೋಡಿದಳು, ಸ್ನಾನಕ್ಕೆ ಹೋಗಿದಾರಮ್ಮ ಅಂದಳು, ರೆಪ್ಪೆಯೂ ಅಲುಗದೆ. ಹೌದಾ, ಇಷ್ಟು ಬೇಗ ಸ್ನಾನ ಮಾಡ್ತಾಳಾ ಈಗ... ನಾನಿದ್ದಾಗ ಮಾಡ್ತಿರಲಿಲ್ಲ... ಒಳ್ಳೇದಾಯ್ತು ಬಿಡು.

ಫೋನು ಇಟ್ಟ ಮೇಲೆ ಕಂಡಕ್ಟರಮ್ಮ ಸಿಂಕಿನ ಕೆಳಗೆ ಬಗ್ಗಿದಳು, ತಿರುಗಿಸಿದಳು, ನೀರು ಗುರ್ರೆಂದು ನುಗ್ಗಿತು, ಈ ಒಂದಕ್ಕೇ ಇವಳನ್ನು ಇಟ್ಟುಕೊಳ್ಳಬಹುದು, ಅಕ್ಕನಿಗೆ ಸುಳ್ಳು ಹೇಳುವುದಕ್ಕೆ, ನಾಳೆಯಿಂದ ದಿನಾ ಬಾಮ್ಮ ಅಂದಳು, ಆಯ್ತು ಮೇಡಂ, ಮೆಷಿನ್ನಿನ ದುಂಡು ಗಾಜಿನಲ್ಲಿ ಬಟ್ಟೆ ಉರುಳುತ್ತಿದೆ, ನೊರೆ ಮೇಲೇರುತ್ತಿದೆ, ಅಕ್ಕನ ಮೊಣಕೈಯ ನೊರೆ ಅವತ್ತೇ ಕಾಣಿಸಿತ್ತು, ಗೇಟಿನ ಹತ್ತಿರವೇ ಕಾಣಿಸಿತ್ತು, ಅಕ್ಕಾ ಕೈ ನೋಡು ಅಂದಿದ್ದರೆ ಒರೆಸಿಕೊಳ್ಳಲು ಒಳಗೆ ಬರುತ್ತಿದ್ದಳು, ಬಂದಿದ್ದರೆ ಕೂತುಬಿಡುತ್ತಿದ್ದಳೋ ಏನೋ, ಅದಕ್ಕೇ ಅನ್ನಲಿಲ್ಲ, ಅದಕ್ಕೇನಾ — ಮೇಡಂ, ತಿನ್ನೋಕೆ ಬನ್ನಿ. ಕೇಳಿಸಿತು, ಏಳಲಿಲ್ಲ. ಮೇಡಂ, ಬನ್ನಿ, ಆರಿಹೋಗುತ್ತೆ. ಕಾಲು ತಾನಾಗಿ ಎದ್ದಿತು, ಮೇಜಿನ ಕಡೆ ನಡೆಯಿತು, ಕುರ್ಚಿ ಎಳೆಯಿತು ಕೈ, ಕೂತಳು, ಬಾಯಿ ತೆರೆಯಿತು, ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ — ಕಾರಿನ ಕಿಟಕಿ, ಹೊರಗೆ ಚಾಚಿದ ಮೊಣಕೈ, ನೊರೆ, ಬಿಸಿಲಿಗೆ ಅದರೊಳಗೆ ಬಣ್ಣ, ತಿರುವಿನಲ್ಲಿ ಕಾರು, ಮೊಣಕೈ, ನೊರೆ, ಒಡೆದಿಲ್ಲ, ಇನ್ನೂ, ಮೊಣಕೈ