ಇವತ್ತಿನ ರೇಟು

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಗುರಣ್ಣನ ವಿಡಿಯೋ ಗೇಮ್ ಅಂಗಡಿ. ಹೊಸ ಆಟಗಳ ಬೆಲೆ ವರ್ಷ ವರ್ಷ ಏರುತ್ತಿತ್ತು, ಖರೆ. ಆದರೆ ಅದು ಚೂರು ಏರಿದರೆ ಈ ಪುಣ್ಯಾತ್ಮ ತಾಸಿನ ಬಾಡಿಗೆಯನ್ನು ದುಪ್ಪಟ್ಟು ಮಾಡುತ್ತಿದ್ದ. ಹುಡುಗರು ಗೊಣಗಿದರೆ ಅವನದು ಒಂದೇ ಮಾತು: “ನಿನ್ನಿ ರೇಟ್ ನಿನ್ನಿಗೆ. ಇವತ್ತಿನ ರೇಟ್ ಇವತ್ತಿಗೆ.”

ಅಷ್ಟು ಗತ್ತು ಮಾಡುವವನು ಒಂದು ಆಟವನ್ನಾದರೂ ತಾನು ಕೊಂಡಿದ್ದನೇ? ಎಲ್ಲ ಕೊಂಡವಳು ಅವನ ಅಕ್ಕನ ಮಗಳು ಭಾಗ್ಯಜ್ಯೋತಿ. ಕನ್ನೊಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಅಂಗಡಿ ನೋಡಿಕೊಳ್ಳುತ್ತಿದ್ದಳು. ಹಬ್ಬದ ರಿಯಾಯಿತಿ ಬಂದಾಗೆಲ್ಲ ತನ್ನ ಪಗಾರದಲ್ಲಿ ಒಂದೊಂದೇ ಆಟವನ್ನು ತನ್ನ ಹೆಸರಿನ ಆನ್‌ಲೈನ್ ಖಾತೆಯಲ್ಲಿ ಕೊಂಡಿಟ್ಟಿದ್ದಳು. ಟಿವಿ, ಮಷೀನು ಮಾಮಾನವು. ಒಳಗಿನ ಆಟಗಳು ಅವಳವು, ಅವಳ ಖಾತೆಗೆ ಜೋಡಿಸಿದ ಮಷೀನಿನಲ್ಲಿ ಮಾತ್ರ ನಡೆಯುವಂಥವು.

ಹೋದ ತಿಂಗಳು ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಬಿತ್ತು. ಗುರಣ್ಣ ಹಿಂದೆ ಮುಂದೆ ನೋಡದೆ, ತುಂಬಿದ ಅಂಗಡಿಯಲ್ಲಿ, “ಕಳ್ಳಿ, ನಡಿ ಹೊರಗ” ಎಂದುಬಿಟ್ಟ. ಮರುದಿನ ಆ ದುಡ್ಡು ಅವನದೇ ಸ್ಕೂಟಿಯ ಡಿಕ್ಕಿಯಲ್ಲಿ ಸಿಕ್ಕಿತು. ಅವನ ಹೆಂಡತಿಯೇ ಗುಟ್ಟಾಗಿ ಭಾಗ್ಯಳಿಗೆ ಫೋನು ಮಾಡಿ ಹೇಳಿದಳು. ಅವನು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅತ್ತ ಭಾಗ್ಯಳ ಅವ್ವ, ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವನ ಮಾತನ್ನೇ ನಂಬಿ ಮಗಳ ಜೊತೆ ಮಾತು ಬಿಟ್ಟಳು. ಭಾಗ್ಯಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೆ.

ಭಾನುವಾರ ಅಂಗಡಿಯಲ್ಲಿ ಫುಟ್‌ಬಾಲ್ ಗೇಮಿನ ಪಂದ್ಯ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಹುಡುಗರು ದುಡ್ಡು ಕಟ್ಟಿ ಬಂದಿದ್ದರು. ಭಾಗ್ಯ ಎದುರಿನ ಚಹಾದಂಗಡಿಯಲ್ಲಿ ಕುಳಿತು, ಅವರೆಲ್ಲ ಒಳಗೆ ತುಂಬುವ ತನಕ ಕಾದಳು. ಆಮೇಲೆ ಮೊಬೈಲು ತೆಗೆದು ತನ್ನ ಖಾತೆಯಿಂದ ಮಾಮಾನ ಮಷೀನುಗಳನ್ನು ಅಳಿಸಿದಳು. ಅಲ್ಲಿಗೆ ಆಟಗಳಿಗೆಲ್ಲ ಬೀಗ ಬಿತ್ತು.

ಫೋನು ಬಂತು. “ಭಾಗ್ಯಾ, ಆಟ ಯಾಕ ಚಾಲೂ ಆಗವಲ್ವು?”

“ಅವು ನನ್ನವು ಮಾಮಾ. ಬೇಕಾದ್ರ ಇವತ್ತಿನ ರೇಟಿಗೆ ಹೊಸಾವು ತಗೋ.”

ಇವತ್ತಿನ ರೇಟು ಅವನಿಗೆ ಗೊತ್ತಿತ್ತು. ಪಂದ್ಯದ ದುಡ್ಡೆಲ್ಲ ಸುರಿದರೂ ಸಾಲದು. ಹುಡುಗರು ಆಗಲೇ ದುಡ್ಡು ವಾಪಸ್ ಕೇಳುತ್ತಿದ್ದರು.

“ಏನ್ ಬೇಕವ್ವಾ ನಿನಗ?”

“ಆ ರೊಕ್ಕ ಎಲ್ಲಿ ಸಿಕ್ತು? ಎಲ್ಲಾರ ಮುಂದ ಗಟ್ಟ್ಯಾಗಿ ಹೇಳು.”

ಗುರಣ್ಣ ಕೆಮ್ಮಿದ, ನೀರು ಕುಡಿದ, ಕೊನೆಗೆ ಹೇಳಿದ. “ಭಾಗ್ಯಾ ಕಳವು ಮಾಡಿಲ್ರಪಾ. ರೊಕ್ಕ ನನ್ನ ಡಿಕ್ಕಿಯೊಳಗ ಇತ್ತು.”

ಒಳಗಿನ ಗದ್ದಲ ನಿಂತಿತು. ಭಾಗ್ಯಳಿಗೆ ಹಾಯೆನಿಸಿತು, ಆದರೆ ಸಾಲಲಿಲ್ಲ.

“ಆತಲ್ಲ, ಇನ್ನ ಚಾಲೂ ಮಾಡು.”

“ಅದು ಆಗಿನ ರೇಟ್ ಮಾಮಾ. ಈಗ ಏರೈತಿ. ಕನ್ನೊಳ್ಳಿ ಬಸ್ ನಿಂತೈತಿ ನೋಡು. ಹೋಗಿ ಇದನ್ನ ನಮ್ಮವ್ವನ ಮುಂದ ಹೇಳು. ಅಕಿ ತಾನ ನನಗ ಫೋನ್ ಮಾಡಿದ ಮ್ಯಾಲ ನೋಡೋಣು.”

“ಅಕ್ಕನ ಮುಂದ ಬ್ಯಾಡವ್ವಾ. ಬ್ಯಾರೆ ಏನರ ಕೇಳು.”

“ನಾಳೆಗೆ ಇನ್ನೂ ಏರತೈತಿ.”

ಗುರಣ್ಣ ಹೊರಗೆ ಬಂದ. ಅವಳ ಕಡೆ ನೋಡದೆ ರಸ್ತೆ ದಾಟಿ ಬಸ್ಸು ಹತ್ತಿದ. ಸೀಟು ಇರಲಿಲ್ಲ, ನಿಂತೇ ಹೋದ. ಭಾಗ್ಯ ಮೊಬೈಲನ್ನು ಎದುರಿಗಿಟ್ಟುಕೊಂಡು ಇನ್ನೊಂದು ಚಹಾ ಹೇಳಿದಳು.